ವಾರಸುದಾರರಿಲ್ಲದ ಕಲ್ಲುಗಳು

ಸೊರಬದಿಂದ ಚಂದ್ರಗುತ್ತಿಯ ಕಡೆಗಾಗಲಿ, ಶಿಕಾರಿಪುರದಿಂದ ಬಂದಳಿಕೆಯ ಕಡೆಗಾಗಲಿ ಹೊರಟರೆ ವೀರಗಲ್ಲು, ಮಾಸ್ತಿಕಲ್ಲು ಕಣ್ಣಿಗೆ ಬೀಳದೆ ಇರುವುದಿಲ್ಲ. ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಅಂಗಳದಲ್ಲಿ, ಅಡಿಕೆ ತೋಟದ ಬೇಲಿಯಂಚಿನಲ್ಲಿ ಅವು ಅರ್ಧ ಹೂತು ನಿಂತಿರುತ್ತವೆ. ಹತ್ತಿರ ಹೋಗಿ ಪಾಚಿ ಸವರಿದರೆ ಕೆಳಗಿನ ಅಂಕಣದಲ್ಲಿ ಕತ್ತಿ ಹಿಡಿದವನ ಕಾಳಗ, ಹಿಂದೆ ತುರುಗಳ ಸಾಲು. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ನಂದಿ. ನೆತ್ತಿಯಲ್ಲಿ ಸೂರ್ಯ ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಅಕ್ಷರ.

ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನು ಊರು ಕಲ್ಲಿಗೆ ಕೊಟ್ಟಿತು. ಅವನ ಮಕ್ಕಳಿಗೆ ಎಷ್ಟೋ ಕಡೆ ನೆತ್ತರುಗೊಡಗೆಯಾಗಿ ಭೂಮಿಯನ್ನೂ ಕೊಟ್ಟಿತು. ಹಾಗಾಗಿ ಇವು ಬರೀ ನೆನಪಿನ ಕಲ್ಲುಗಳಲ್ಲ, ಊರು ಹೊತ್ತ ಋಣದ ದಾಖಲೆಗಳು. ಹೆಂಗಸರ ಹೆಸರೂ ಇಲ್ಲಿ ಉಳಿದಿದೆ. ಗಂಡ ನಾಗಾರ್ಜುನ ತೀರಿಕೊಂಡ ಮೇಲೆ ನಾಗರಖಂಡ 70 ಎಂಬ ನಾಡಿನ ನಾಳ್ಗಾವುಂಡಿಕೆ, ಅಂದರೆ ಮುಖಂಡತನ, ವಹಿಸಿಕೊಂಡು ಆಳಿ, ಕೊನೆಗೆ ರೋಗ ಬಂದಾಗ ಮಗಳಿಗೆ ಅಧಿಕಾರ ಒಪ್ಪಿಸಿ ಸಲ್ಲೇಖನದ ಉಪವಾಸ ಹಿಡಿದ ಜಕ್ಕಿಯಬ್ಬೆಯನ್ನು ನಾವು ಬಲ್ಲೆವಾದರೆ ಅದು ಬಂದಳಿಕೆಯ 10ನೇ ಶತಮಾನದ ಕಲ್ಲಿನಿಂದ. ಬಿ.ಎಲ್. ರೈಸ್ 1902 ಮತ್ತು 1904ರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಅಚ್ಚು ಹಾಕಿಸದಿದ್ದರೆ ಇಂಥವರನ್ನು ಓದಿ ತಿಳಿಯುವುದು ಕಷ್ಟವಿತ್ತು.

ಆ ವೀರರ ವಂಶದವರು ಈಗ ಎಲ್ಲಿದ್ದಾರೋ. ಕೊಡಗೆಯ ಹೊಲ ಎಷ್ಟೋ ಕೈ ದಾಟಿದೆ. ಹಾಗಿದ್ದರೆ ಕಲ್ಲನ್ನು ಕಾಯಬೇಕಾದವರು ಯಾರು?

ಈ ಪ್ರಶ್ನೆಗೆ ನನಗೆ ಉತ್ತರ ಕಂಡಿದ್ದು ದೂರದ ನೆದರ್ಲೆಂಡ್ಸಿನಲ್ಲಿ. ಅಲ್ಲಿನ ಡ್ರೆಂಥೆ ಸೀಮೆಯ ಬೋರ್ಗರ್ ಎಂಬ ಸಣ್ಣ ಊರಿನ ಪಕ್ಕ 22 ಮೀಟರಿಗೂ ಹೆಚ್ಚು ಉದ್ದದ ಕಲ್ಗೋರಿಯಿದೆ, 5000 ವರ್ಷ ಹಳೆಯದು. ಹಿಮಯುಗದಲ್ಲಿ ಉತ್ತರದಿಂದ ಹಿಮ ತಳ್ಳಿ ತಂದ ಬಂಡೆಗಳನ್ನೇ ಎತ್ತಿ ಕಟ್ಟಿದ್ದು. ಒಳಗಿದ್ದವರಿಗೆ ಹೆಸರಿಲ್ಲ, ಭಾಷೆ ಗೊತ್ತಿಲ್ಲ, ತಮ್ಮವರೆನ್ನಲು ಯಾರೂ ಇಲ್ಲ. 1730ರ ದಶಕದಲ್ಲಿ ಹುಳು ಬಿದ್ದು ಕಡಲ ಒಡ್ಡುಗಳ ಮರವೆಲ್ಲ ಟೊಳ್ಳಾಯಿತು. ಒಡ್ಡಿಗೆ ಕಲ್ಲು ಬೇಕಾಯಿತು, ಬಂಡೆಗೆ ಬೆಲೆ ಬಂತು. ಆಗ, 1734ರಲ್ಲಿ, ಗೋರಿಯ ಕಲ್ಲು ಕೀಳಬಾರದೆಂದು ಡ್ರೆಂಥೆಯ ಆಡಳಿತ ಕಟ್ಟಪ್ಪಣೆ ಮಾಡಿತು. ಆ ದೇಶದಲ್ಲಿ ಇಂದಿಗೂ 54 ಕಲ್ಗೋರಿಗಳು ಉಳಿದಿವೆ.

ಕಾಯಲು ರಕ್ತಸಂಬಂಧ ಬೇಕಿಲ್ಲ. ಅಲ್ಲಿ ಹೆಸರೇ ಇಲ್ಲದವರಿಗೆ ಸಿಕ್ಕ ರಕ್ಷಣೆ ಇಲ್ಲಿ ಹೆಸರು, ಊರು, ಸತ್ತ ಕಾರಣ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿರುವವರಿಗೆ ಸಿಗದೆ ಹೋದರೆ ನನಗೆ ಸಂಕಟವಾಗುತ್ತದೆ. ನಿಧಿಯಾಸೆಗೆ ಬುಡ ಅಗೆಯುವವರಿದ್ದಾರೆ, ಬಟ್ಟೆ ಒಗೆಯಲು ಮಲಗಿಸಿಕೊಂಡವರಿದ್ದಾರೆ. ಯಾರ ಮನೆಯವನೆಂದು ತಿಳಿಯದಿದ್ದರೂ ಹಬ್ಬದ ದಿನ ಕುಂಕುಮವಿಟ್ಟು ಹೂ ಏರಿಸುವವರೂ ಇದೇ ಊರುಗಳಲ್ಲಿದ್ದಾರೆ. ನಿಜವಾದ ವಾರಸುದಾರರು ಅವರೇ.

ನಿಮ್ಮ ಹೊಲದಲ್ಲೋ ಮೋರಿಯ ಚಪ್ಪಡಿಯಲ್ಲೋ ಇಂಥ ಕಲ್ಲು ಕಂಡರೆ ದಯವಿಟ್ಟು ಒಡೆಯಬೇಡಿ, ಅಕ್ಷರಕ್ಕೆ ಬಣ್ಣ ಬಳಿಯಬೇಡಿ. ಒಂದು ಫೋಟೋ ತೆಗೆದು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ತಿಳಿಸಿ.