ನೋಟದ ಋಣ



ನಮ್ಮಲ್ಲಿ ಬಹಳಷ್ಟು ಮನೆಗಳ ಗೋಡೆಯ ಮೇಲೆ ಇಟಲಿ ದೇಶದ ಒಂದು ತುಣುಕು ತೂಗಾಡುತ್ತಿರುತ್ತದೆ. ಒಂದು ಮನೆಯಲ್ಲಿ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟವಿರುವ ಕ್ಯಾಲೆಂಡರು, ಇನ್ನೊಂದು ಮನೆಯ ಊಟದ ಕೋಣೆಯಲ್ಲಿ ಚೌಕಟ್ಟು ಹಾಕಿದ 'ಕಡೆಯ ಭೋಜನ'. ಮತ್ತೊಂದು ಮನೆಯಲ್ಲಿ ಮಗಳು ತನ್ನ ಮೊಬೈಲಿನಲ್ಲಿ ವೆನಿಸ್ ನಗರದ ದೋಣಿಗಳನ್ನೂ ಪೀಸಾದ ವಾಲುಗೋಪುರವನ್ನೂ ತೋರಿಸಿ, "ಸಾಯುವುದರೊಳಗೆ ಒಮ್ಮೆ ನೋಡಬೇಕಪ್ಪಾ" ಎನ್ನುತ್ತಾಳೆ. ರೋಮ್, ಅಸ್ಸಿಸಿ, ಫ್ಲಾರೆನ್ಸ್, ಪೊಂಪೇ ಎಂದು ಆಸೆಯ ಪಟ್ಟಿ ಬೆಳೆಯುತ್ತದೆ. ಕೆಲವರು ಅದಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಡುತ್ತಾರೆ, ಕೆಲವರು ಸಾಲವನ್ನೂ ಮಾಡುತ್ತಾರೆ.

ದೂರದ ನಾಡನ್ನು ಕಣ್ಣಾರೆ ಕಾಣಬೇಕೆಂಬ ಈ ಆಸೆ ಒಳ್ಳೆಯದೋ, ಕೆಟ್ಟದ್ದೋ? ನಮ್ಮ ಹಿರಿಯರು ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟುಹೋಗಿದ್ದಾರೆ. 'ದೇಶ ಸುತ್ತು, ಕೋಶ ಓದು' ಎಂದವರೂ ಅವರೇ, 'ದೂರದ ಬೆಟ್ಟ ನುಣ್ಣಗೆ' ಎಂದವರೂ ಅವರೇ. ಎರಡೂ ನಿಜವಾದುದರಿಂದ ಯಾವುದೊಂದೂ ನಮ್ಮ ಪ್ರಶ್ನೆಯನ್ನು ತೀರಿಸುವುದಿಲ್ಲ. ಆಸೆಯನ್ನು ತೂಗುವ ಮೊದಲು, ನಾವು ಆಸೆಪಡುವ ಸ್ಥಳಗಳ ಕಡೆಯಿಂದ ಒಮ್ಮೆ ಯೋಚಿಸಿ ನೋಡೋಣ.

ವೆನಿಸ್ ನಗರವನ್ನೇ ತೆಗೆದುಕೊಳ್ಳಿ. ಕಡಲಂಚಿನ ಹಿನ್ನೀರಿನಲ್ಲಿರುವ ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳ ಮೇಲೆ, ಕೆಸರಿನಲ್ಲಿ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಊರು ಅದು. ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನರು ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ನೆರೆಯ ಭಯ, ಉದ್ಯೋಗಗಳು ದಡದಾಚೆಯ ಊರುಗಳಿಗೆ ಸರಿದದ್ದು, ಮನೆಗಳು ಪ್ರವಾಸಿಗರ ತಂಗುದಾಣಗಳಾಗಿ ಬಾಡಿಗೆ ಏರಿದ್ದು, ಹೀಗೆ ಕಾರಣಗಳು ಹಲವು. 2021ರಲ್ಲಿ ಭಾರೀ ಪ್ರವಾಸಿ ಹಡಗುಗಳು ನಗರದ ಹೃದಯಭಾಗದ ಮುಂದೆ ಹಾದುಹೋಗುವುದನ್ನು ನಿಷೇಧಿಸಲಾಯಿತು. 2024ರ ಏಪ್ರಿಲ್ 25ರಿಂದ, ಜನಜಂಗುಳಿಯ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರು 5 ಯೂರೋ ಪ್ರವೇಶ ಶುಲ್ಕ ತೆರಬೇಕಾಯಿತು. ಊರಿಗೆ ಊರೇ ಟಿಕೆಟ್ಟಿನ ಪ್ರದರ್ಶನವಾದರೆ, ಅಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ, ಮಾರುಕಟ್ಟೆಯಿಂದ ತರಕಾರಿ ತರುವ ಮನುಷ್ಯನ ಪಾಡೇನು? ನಾವು ನೋಡಬೇಕೆಂದು ಹಂಬಲಿಸುವ ಊರು, ನಮ್ಮ ಹಂಬಲದ ಭಾರದಿಂದಲೂ ಬರಿದಾಗಬಹುದು.

ದಕ್ಷಿಣದ ಮತೇರಾ ಪಟ್ಟಣದ ಕಥೆ ಇನ್ನೂ ವಿಚಿತ್ರ. ಅಲ್ಲಿ ಕಂದರದ ಇಳಿಜಾರಿನ ಬಂಡೆಯನ್ನು ಕೊರೆದು ಮಾಡಿದ ಗುಹೆಮನೆಗಳಲ್ಲಿ ಬಡ ರೈತರು ತಮ್ಮ ಕತ್ತೆ, ಕುರಿ, ಕೋಳಿಗಳೊಂದಿಗೆ ಬದುಕುತ್ತಿದ್ದರು. ಮಲೇರಿಯಾ ಮತ್ತು ಶಿಶುಮರಣ ಮನೆಮನೆಯ ಮಾತಾಗಿತ್ತು. ಕಾರ್ಲೊ ಲೇವಿ ಎಂಬ ಲೇಖಕ 1945ರಲ್ಲಿ ಪ್ರಕಟಿಸಿದ ಪುಸ್ತಕವು ಆ ದಾರಿದ್ರ್ಯವನ್ನು ದೇಶದ ಕಣ್ಣಿಗೆ ಕಾಣಿಸಿತು. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿಯವರೇ ಅಲ್ಲಿಗೆ ಭೇಟಿಯಿತ್ತರು. 1952ರ ಕಾನೂನಿನ ಮೂಲಕ ಸಾವಿರಾರು ಜನರನ್ನು ಗುಹೆಗಳಿಂದ ಹೊಸ ಬಡಾವಣೆಗಳಿಗೆ ಸ್ಥಳಾಂತರಿಸಲಾಯಿತು. ರಾಷ್ಟ್ರದ ನಾಚಿಕೆ ಎನಿಸಿಕೊಂಡಿದ್ದ ಅದೇ ಗುಹೆಗಳು 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲಿ ಒಂದಾಯಿತು. ಒಂದು ಕಾಲಕ್ಕೆ ಹಸುಗೂಸುಗಳು ಜ್ವರದಿಂದ ನರಳುತ್ತಿದ್ದಂಥ ಗುಹೆಗಳಲ್ಲಿ ಕೆಲವು ಈಗ ದುಬಾರಿ ಹೋಟೆಲುಗಳಾಗಿವೆ. ಯೇಸುಸ್ವಾಮಿಯ ಯಾತನೆಯನ್ನು ಕುರಿತು 2004ರಲ್ಲಿ ತೆರೆಕಂಡ ಚಲನಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರಲ್ಲಿ ನಾವು ಜೆರುಸಲೇಮ್ ಎಂದು ಕಂಡು ಕಣ್ಣೀರಿಟ್ಟ ಬೀದಿಗಳಲ್ಲಿ ಕೆಲವು ಮತೇರಾದ ಬೀದಿಗಳೇ.

ಇದನ್ನು ಕೇವಲ ಅನ್ಯಾಯವೆಂದು ಹೇಳಿಬಿಡುವುದು ಸರಿಯಾಗದು. ಪ್ರವಾಸಿಗರು ಬಂದುದರಿಂದಲೇ ಅಲ್ಲಿನ ಯುವಜನರಿಗೆ ಕೆಲಸ ಸಿಕ್ಕಿದೆ, ಹಾಳುಬಿದ್ದ ಮನೆಗಳು ಜೀವ ಪಡೆದಿವೆ. ಆದರೂ ಒಬ್ಬರ ಸಂಕಟವಾಗಿದ್ದದ್ದು ಇನ್ನೊಬ್ಬರಿಗೆ ಸೊಗಸಾಗುವಾಗ, ಸೊಗಸನ್ನು ಸವಿಯುವವನು ಆ ಸಂಕಟದ ಹೆಸರನ್ನಾದರೂ ತಿಳಿದಿರಬೇಡವೇ?

ಮೂರನೆಯ ಸ್ಥಳ ಲಾಂಪೆದೂಸಾ. ಸಿಸಿಲಿಗಿಂತ ಆಫ್ರಿಕಾದ ಕರಾವಳಿಗೇ ಹತ್ತಿರವಿರುವ ಪುಟ್ಟ ದ್ವೀಪ. ಅಲ್ಲಿನ ತಿಳಿನೀರಿನ ಮರಳದಂಡೆ ಎಷ್ಟೋ ಜನರ ಕನಸಿನ ತಾಣ. ಪೋಪ್ ಫ್ರಾನ್ಸಿಸ್‌ರವರು ಆಯ್ಕೆಯಾದ ಮೇಲೆ ರೋಮ್ ಬಿಟ್ಟು ಕೈಗೊಂಡ ಮೊದಲ ಪ್ರಯಾಣ, 2013ರ ಜುಲೈ 8ರಂದು, ಈ ದ್ವೀಪಕ್ಕೇ. ಅವರು ಹೋದದ್ದು ಮರಳದಂಡೆಗಾಗಿ ಅಲ್ಲ. ಆಫ್ರಿಕಾದಿಂದ ದೋಣಿಗಳಲ್ಲಿ ಬರುತ್ತಾ ನೀರುಪಾಲಾದವರಿಗಾಗಿ ಅವರು ಸಮುದ್ರಕ್ಕೆ ಹೂಮಾಲೆ ಅರ್ಪಿಸಿದರು. ಅದೇ ವರ್ಷದ ಅಕ್ಟೋಬರ್ 3ರಂದು ಆ ದ್ವೀಪದ ಸಮೀಪದಲ್ಲೇ ಒಂದು ದೋಣಿ ಬೆಂಕಿ ಹತ್ತಿ ಮುಳುಗಿ 368 ಜನರು ಸತ್ತರು. ಒಂದೇ ಸಮುದ್ರ, ಒಂದೇ ದಡ. ಒಬ್ಬನು ಅಲ್ಲಿಗೆ ಬಿಸಿಲು ಕಾಯಲು ಬರುತ್ತಾನೆ, ಇನ್ನೊಬ್ಬನು ಬದುಕನ್ನು ಬೇಡುತ್ತಾ ಬರುತ್ತಾನೆ. 'ಕನಸಿನ ತಾಣ' ಎಂಬ ಮಾತಿಗೆ ಇಬ್ಬರಲ್ಲಿ ಯಾರು ಹೆಚ್ಚು ಹಕ್ಕುದಾರರು?

ಹಾಗಾದರೆ ಪ್ರವಾಸವೇ ಬೇಡವೇ? ಆ ಹಣವನ್ನು ಬಡವರಿಗೆ ಹಂಚಬಾರದೇ? ಹೀಗೆ ಕೇಳುವವರಿಗೆ ಶುಭಸಂದೇಶದ ಒಂದು ಘಟನೆ ನೆನಪಾಗಬೇಕು. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧತೈಲವನ್ನು ಯೇಸುವಿನ ಪಾದಗಳಿಗೆ ಸುರಿದಾಗ, ಅದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದವನು ಯೂದ. ಆದ್ದರಿಂದ ಸೌಂದರ್ಯಕ್ಕೆ ವೆಚ್ಚ ಮಾಡುವುದೆಲ್ಲ ಪಾಪವೆಂದು ತೀರ್ಪು ಕೊಡುವ ಮುನ್ನ ನಾವು ಯಾರ ಬಾಯಿಂದ ಮಾತನಾಡುತ್ತಿದ್ದೇವೆ ಎಂದು ನೋಡಿಕೊಳ್ಳುವುದು ಒಳಿತು. ಮರಿಯಳು ಮಾಡಿದ್ದೂ ವೆಚ್ಚವೇ. ಆದರೆ ಅವಳ ಕಣ್ಣು ತನ್ನ ಎದುರಿಗಿದ್ದವರ ಮೇಲಿತ್ತು. ಎಲ್ಲ ವ್ಯತ್ಯಾಸವೂ ಅಲ್ಲಿದೆ ಎಂದು ನನಗೆ ಅರಿವಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ಸಂಕೋಚವಿಲ್ಲ.

2023ರ ಅಕ್ಟೋಬರಿನಲ್ಲಿ ನಾನೂ ನನ್ನ ಪತ್ನಿಯೂ ಒಂದು ತಂಡದೊಂದಿಗೆ ಹತ್ತು ದಿನಗಳ ಇಟಲಿ ಯಾತ್ರೆ ಕೈಗೊಂಡೆವು. ಅದು ಹದಿನೈದು ವರ್ಷಗಳ ಕನಸು. ಅಷ್ಟೇ ಕಾಲದಿಂದ ನನ್ನ ತಾಯಿಗೂ ಒಂದು ಆಸೆಯಿತ್ತು. ಅವರು ಹುಡುಗಿಯಾಗಿದ್ದಾಗ ಮಂಗಳೂರಿನಲ್ಲಿ ಶಿಕ್ಷಕಿಯರ ತರಬೇತಿ ಪಡೆದವರು. ಅಲ್ಲಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಮತ್ತೊಮ್ಮೆ ನೋಡಬೇಕೆಂದು ಅವರು ಕೇಳುತ್ತಲೇ ಇದ್ದರು. ನಮ್ಮೂರಿನಿಂದ ಮಂಗಳೂರಿಗೆ ಒಂದು ಹಗಲಿನ ಬಸ್ ಪ್ರಯಾಣ. "ಈ ಬೇಸಿಗೆಗೆ ಹೋಗೋಣಮ್ಮ" ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. ಈ ನಡುವೆ ಗ್ಲಾಕೋಮಾ ರೋಗವು ಸದ್ದಿಲ್ಲದೆ ಅವರ ದೃಷ್ಟಿಯನ್ನು ಕಬಳಿಸುತ್ತಾ ಬಂದಿತ್ತು. ನಾವು ವಿಮಾನ ಹತ್ತುವ ಹೊತ್ತಿಗೆ ಅವರಿಗೆ ಬೆಳಕು ಮತ್ತು ನೆರಳು ಮಾತ್ರ ಕಾಣುತ್ತಿತ್ತು.

ಮಿಲಾನಿನಲ್ಲಿ 'ಕಡೆಯ ಭೋಜನ'ವನ್ನು ನೋಡಲು ನಮಗೆ ದೊರೆತದ್ದು 15 ನಿಮಿಷ. ಯಾರಿಗಾದರೂ ಅಷ್ಟೇ. ಲಿಯೊನಾರ್ಡೊ 1495ರಿಂದ 1498ರ ಅವಧಿಯಲ್ಲಿ ಒಂದು ಮಠದ ಊಟದ ಕೋಣೆಯ ಒಣಗಿದ ಗಾರೆಯ ಮೇಲೆ ಬಿಡಿಸಿದ ಚಿತ್ರವದು. ಬೇಗನೆ ಚಕ್ಕೆಯೇಳಲು ತೊಡಗಿತು. 1652ರಲ್ಲಿ ಗೋಡೆಯಲ್ಲಿ ಬಾಗಿಲು ತೆರೆಯುವಾಗ ಯೇಸುವಿನ ಪಾದಗಳಿದ್ದ ಭಾಗವೇ ಹೋಯಿತು. 1943ರ ಬಾಂಬ್ ದಾಳಿಯಲ್ಲಿ ಕೋಣೆಯೇ ಕುಸಿದರೂ ಮರಳುಚೀಲಗಳ ಆಸರೆಯಲ್ಲಿ ಆ ಗೋಡೆ ಉಳಿಯಿತು. ಇಷ್ಟೆಲ್ಲ ದಾಟಿ ಬಂದ ಚಿತ್ರದ ಎದುರು ನಾನು ಆ ಹದಿನೈದು ನಿಮಿಷ ಮಾಡಿದ್ದೇನು? ಮೊಬೈಲನ್ನು ಎತ್ತಿ ಹಿಡಿದು ನಲವತ್ತು ಫೋಟೋ ತೆಗೆದೆ. ರೋಮಿನಲ್ಲಿ ಸಂತ ಇನ್ಯಾಸಿಯವರ ದೇವಾಲಯಕ್ಕೆ ಹೋದೆವು. ಅಂದ್ರೆಯಾ ಪೊಜ್ಜೊ ಬಿಡಿಸಿದ ಅದ್ಭುತ ಮೇಲ್ಛಾವಣಿಯನ್ನು ಪ್ರತಿಬಿಂಬಿಸಲು ಅಲ್ಲಿ ಒಂದು ಕನ್ನಡಿಯನ್ನಿಟ್ಟಿದ್ದಾರೆ. ಅದರೊಳಗೆ ತಮ್ಮ ಮುಖವೂ ಬರುವಂತೆ ಫೋಟೋ ತೆಗೆದುಕೊಳ್ಳಲು ಜನ ಸಾಲುಗಟ್ಟಿದ್ದರು. ನಾವೂ ನಿಂತೆವು. ಸಾಲು ಕರಗುವಷ್ಟರಲ್ಲಿ ನಮ್ಮ ಸಮಯವೂ ಮುಗಿಯಿತು.

ಊರಿಗೆ ಮರಳಿದ ರಾತ್ರಿ ಅಮ್ಮ ಕೇಳಿದರು: "ಯೂದ ಯಾವ ಕಡೆ ಕೂತಿದ್ದಾನೆ ಮಗಾ? ಅವನ ಮುಖ ಹೇಗಿದೆ?"

ನನಗೆ ಹೇಳಲಾಗಲಿಲ್ಲ. ಕೈ ತಾನಾಗಿ ಜೇಬಿನ ಮೊಬೈಲಿನತ್ತ ಹೋಯಿತು. ಅವರು ಮತ್ತೆ ಕೇಳಿದರು: "ಅಲೋಶಿಯಸ್‌ರ ಸಮಾಧಿ ರೋಮಿನಲ್ಲೇ ಅಲ್ಲವೇ? ನೋಡಿದೆಯಾ?" ಆಗ ತಿಳಿಯಿತು, ಆ ಸಂತರ ಸಮಾಧಿ ಇರುವುದು ನಾವು ಕನ್ನಡಿಗಾಗಿ ಸಾಲು ನಿಂತ ಅದೇ ದೇವಾಲಯದಲ್ಲಿ. ಅಮ್ಮ ಏನೂ ಅನ್ನಲಿಲ್ಲ. "ಹೋಗಲಿ ಬಿಡು, ಆಯಾಸವಾಗಿರುತ್ತೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಜನವರಿಯಲ್ಲಿ ಅಮ್ಮನನ್ನು ಮಂಗಳೂರಿಗೆ ಕರೆದೊಯ್ದೆ. ಆ ಚಾಪೆಲ್‌ನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು. ಮಿಲಾನಿನಿಂದ ಸುಮಾರು 50 ಕಿಲೋಮೀಟರ್ ದೂರದ ಬೆರ್ಗಮೊ ಪ್ರಾಂತ್ಯದವರು. 1899ರಿಂದ 1901ರವರೆಗೆ ಅವರು ಅಟ್ಟಣಿಗೆಯೇರಿ ಆ ಕೆಲಸ ಮಾಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ತಮ್ಮ ಊರಿಗೆ ಮರಳಲಿಲ್ಲ. ನಾವು ಇಟಲಿಯಿಂದ ಫೋಟೋಗಳನ್ನು ಹೊತ್ತು ತಂದೆವು. ಅವರಾದರೋ ಇಟಲಿಯಿಂದ ತಮ್ಮ ಕೈಯ ಕಸುಬನ್ನು ತಂದು ಇಲ್ಲಿ ಬಿಟ್ಟುಹೋದರು.

ಅಮ್ಮ ಬೆಂಚಿನ ಮೇಲೆ ಕುಳಿತು, "ಈಗ ಹೇಳು" ಎಂದರು. ನಾನು ಹೇಳತೊಡಗಿದೆ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿರುವ ಯುವಕ ಅಲೋಶಿಯಸ್, ಅವರ ತೋಳು, ರೋಗಿಯ ಬಾಗಿದ ತಲೆ, ಬಟ್ಟೆಯ ಬಣ್ಣ, ಬೆಳಕು ಬೀಳುವ ದಿಕ್ಕು. ಒಡೆತನದ ಹಕ್ಕನ್ನೇ ತೊರೆದು, 1591ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ರೋಗಿಗಳ ಸೇವೆಯಿಂದಲೇ ಕಾಯಿಲೆ ಬಿದ್ದು ಸತ್ತ ಆ ತರುಣನ ಮುಖವನ್ನು ನಾನು ಮೊದಲ ಬಾರಿಗೆ ನಿಧಾನವಾಗಿ ನೋಡಿದೆ. ಕಾಣದವರಿಗೆ ಹೇಳಬೇಕಾಗಿದ್ದುದರಿಂದ ನನಗೆ ಕಾಣಿಸತೊಡಗಿತು. ಒಂದು ಗಂಟೆಯಾದರೂ ಒಂದು ಗೋಡೆ ಮುಗಿದಿರಲಿಲ್ಲ. ನಡುವೆ ಅಮ್ಮ ನನ್ನನ್ನು ತಡೆದು, "ಅಲ್ಲ, ಆ ಬಣ್ಣ ಇನ್ನೂ ಸ್ವಲ್ಪ ಗಾಢ ಇತ್ತು" ಎಂದು ತಿದ್ದಿದರು. ಅರವತ್ತು ವರ್ಷಗಳ ಹಿಂದೆ ನೋಡಿದ್ದು ಅವರ ಬಳಿ ಹಾಗೆಯೇ ಇತ್ತು. ಮೂರು ತಿಂಗಳ ಹಿಂದೆ ನೋಡಿದ್ದು ನನ್ನ ಬಳಿ ಇರಲಿಲ್ಲ.

ಓದುಗರೇ, ನಮ್ಮ ಭಾಷೆಯಲ್ಲಿ ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂಬ ಮಾತುಗಳಿವೆ. ನೋಟಕ್ಕೂ ಒಂದು ಋಣವಿದೆಯೆಂದು ನನಗೆ ಈಗ ಅನಿಸುತ್ತದೆ. ಟಿಕೆಟ್ಟಿನ ಹಣದಿಂದ ಕಾವಲುಗಾರನ ಸಂಬಳ ಸಂದಾಯವಾಗಬಹುದು, ಈ ಋಣ ಸಂದಾಯವಾಗದು. ಗಮನಕೊಟ್ಟು ನೋಡುವುದು ಅದರ ಮೊದಲ ಕಂತು. ಆ ಊರಿನವರ ಸುಖದುಃಖವನ್ನು ತಿಳಿದುಕೊಳ್ಳುವುದು ಎರಡನೆಯದು. ಕಂಡದ್ದನ್ನು ಕಾಣಲಾರದವರೊಂದಿಗೆ ಹಂಚಿಕೊಳ್ಳುವುದು ಮೂರನೆಯದು. 1966ರ ನವೆಂಬರ್ 4ರಂದು ಫ್ಲಾರೆನ್ಸ್ ನಗರ ನೆರೆಯಲ್ಲಿ ಮುಳುಗಿದಾಗ ಹಲವು ದೇಶಗಳ ತರುಣ ತರುಣಿಯರು ಅಲ್ಲಿಗೆ ಧಾವಿಸಿದರು. ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ನಿಂತು, ಗ್ರಂಥಾಲಯದ ನೆನೆದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿದರು. ಊರಿನವರು ಅವರನ್ನು 'ಕೆಸರಿನ ದೇವದೂತರು' ಎಂದು ಕರೆದರು. ಅವರೂ ಫ್ಲಾರೆನ್ಸಿಗೆ ಹೊರಗಿನಿಂದ ಬಂದವರೇ. ರೋಮಿನ ತ್ರೇವಿ ಕಾರಂಜಿಯಲ್ಲಿ, ಮತ್ತೆ ಬರುವಂತಾಗಲಿ ಎಂದು ಪ್ರವಾಸಿಗರು ಎಸೆಯುವ ನಾಣ್ಯಗಳು ಸಹ ಅಲ್ಲಿನ ಕಾರಿತಾಸ್ ಸಂಸ್ಥೆಯ ಮೂಲಕ ಬಡವರನ್ನು ತಲುಪುತ್ತವೆ. ಹಾಗೆ ನಮ್ಮ ಆಸೆಯೂ ಯಾರಿಗೋ ಅನ್ನವಾಗಬಲ್ಲದು.

ಇಟಲಿಗೆ ಹೋಗುವವರು ಸಂತೋಷದಿಂದ ಹೋಗಿಬನ್ನಿ. ಹೊರಡುವ ಮೊದಲು, ನಿಮ್ಮ ಮನೆಯಲ್ಲಿ ಒಂದು ಹಗಲಿನ ಬಸ್ ಪ್ರಯಾಣಕ್ಕಾಗಿ ಕಾಯುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳಿ. ಅವರನ್ನು ಮೊದಲು ಕರೆದೊಯ್ಯಿರಿ. ಮಿಲಾನಿಗೆ ತಲುಪಿದಾಗ ಮೊಬೈಲನ್ನು ಚೀಲದಲ್ಲಿಟ್ಟು ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಯೂದ ಕುಳಿತಿರುವುದು, ನೋಡುವ ನಮಗೆ, ಯೇಸುವಿನ ಎಡಭಾಗದಲ್ಲಿ, ಪೇತ್ರ ಮತ್ತು ಯೊವಾನ್ನರ ಗುಂಪಿನಲ್ಲೇ. ಅವನ ಮುಖದ ಮೇಲೆ ನೆರಳಿದೆ, ಮುಷ್ಟಿಯಲ್ಲಿ ಹಣದ ಚೀಲವಿದೆ. ಇದನ್ನು ನಾನು ಆಮೇಲೆ, ನನ್ನ ಆ ನಲವತ್ತು ಫೋಟೋಗಳನ್ನು ಒಂದೊಂದಾಗಿ ನೋಡಿ, ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅಷ್ಟು ಹತ್ತಿರ ಕೂತಿದ್ದನಲ್ಲ" ಎಂದರು.