ಹದಿನೇಳು ಗಂಟೆಯ ದೂರ

ಮಕ್ಕಳ ಗ್ಲೋಬಿನ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಒಂದು ದಾರ ಬಿಗಿಹಿಡಿದು ನೋಡಿ. ದಾರ ಉತ್ತರದ ಆರ್ಕ್ಟಿಕ್ ಪ್ರದೇಶದ ಮೇಲೆ ಹಾಯುತ್ತದೆ. ದೂರ ಸುಮಾರು 14,000 ಕಿಲೋಮೀಟರ್. ಇದಕ್ಕಿಂತ ಹತ್ತಿರದ ದಾರಿಯಿಲ್ಲ. 2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಹೊರಟಿತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಸುಮಾರು ಹದಿನೇಳು ಗಂಟೆ ಹಾರಿ ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕಾಲವ್ಯತ್ಯಾಸದ ಹದಿಮೂರೂವರೆ ಗಂಟೆ ಸೇರಿ ಇಡೀ ಭಾನುವಾರ ಆಕಾಶದಲ್ಲೇ ಕರಗಿಹೋಯಿತು.

ನಮ್ಮಲ್ಲಿ ಬಹುಮಂದಿಗೆ ಈ ಲೆಕ್ಕ ನೆನಪಾಗುವುದು ನಡುರಾತ್ರಿ ಫೋನ್ ಬಂದಾಗ. "ಡಾಕ್ಟ್ರೇ, ಈಗಲೇ ಹೊರಡಬೇಕೇ, ಇನ್ನೂ ಕಾಯಬಹುದೇ?" ಎಂದು ಸ್ನೇಹಿತರು ನಮ್ಮನ್ನು ಕೇಳುತ್ತಾರೆ. ಖಂಡಿತವಾಗಿ ಹೇಳಲು ನಮಗೂ ಆಗುವುದಿಲ್ಲ. ಹೃದಯ ಸೋತ ವೃದ್ಧರು ಮೂರು ಸಲ ಆಸ್ಪತ್ರೆ ಸೇರಿ ಮೂರು ಸಲವೂ ಮನೆಗೆ ಮರಳುವುದುಂಟು, ನಾಲ್ಕನೆಯ ಸಲ ಮರಳದಿರುವುದೂ ಉಂಟು.

ನಮ್ಮ ತಂದೆಯವರ ವಿಷಯದಲ್ಲಿ ನಾವೂ ಕಾದೆವು. ರಜೆ ಸಿಗಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದೆವು. ಆಮೇಲೆ ಬಿದ್ದೆವೋ ಎದ್ದೆವೋ ಎಂದು ಓಡಿದೆವು. ನಡುವೆ ವಿಮಾನ ಬದಲಿಸಿ, ಬೆಂಗಳೂರಿನಿಂದ ಕಾರು ಹಿಡಿದು ಊರು ಸೇರುವ ಹೊತ್ತಿಗೆ ಎರಡು ದಿನವಾಗಿತ್ತು. ತಮ್ಮ ಐಸ್ ಪೆಟ್ಟಿಗೆ ತರಿಸಿ ತಂದೆಯವರನ್ನು ನಡುಮನೆಯಲ್ಲಿ ಇರಿಸಿಕೊಂಡಿದ್ದ. ಒಲೆ ಹಚ್ಚಿರಲಿಲ್ಲ. ತಾಯಿ ಊಟ ಮುಟ್ಟಿರಲಿಲ್ಲ. "ನೀವು ಮುಖ ನೋಡಲಿ ಅಂತ ಕಾದ್ವಿ" ಎಂದ ತಮ್ಮ. ನೋಡಿದ ಸಮಾಧಾನ ನಮ್ಮದಾಯಿತು. ಅದರ ಬೆಲೆ ತೆತ್ತವರು ಅವರು.

ಹಾಗಾದರೆ ಕರ್ತವ್ಯವೆಂದರೆ ಹೇಗಾದರೂ ತಲುಪುವುದೇ? ನಮಗಿಂತ ಮೊದಲು ಬಂದ ಹಿರಿಯರಿಗೆ ಎಷ್ಟೋ ಸಲ ಸುದ್ದಿ ಏರೋಗ್ರಾಮಿನಲ್ಲಿ, ತಿಥಿ ಮುಗಿದ ಮೇಲೆ ಬರುತ್ತಿತ್ತು. ಅವರನ್ನು ಯಾರೂ ದೂರಲಿಲ್ಲ. ವಿಮಾನ ವೇಗವಾದಷ್ಟೂ ನಮ್ಮ ನೆಪ ಸಣ್ಣದಾಗಿದೆ. ಆದರೆ ಆ ವೇಗವನ್ನು ನಾವು ಬಳಸುತ್ತಿರುವುದು ಸಾವಿಗೆ ತಲುಪಲು, ಬದುಕಿಗಲ್ಲ.

ಕೊನೆಯ ದರ್ಶನ ಬೇಡವೆಂದು ನಾವು ಹೇಳುತ್ತಿಲ್ಲ. ದುಃಖಕ್ಕೂ ಕಣ್ಣಿನ ಸಾಕ್ಷಿ ಬೇಕು. ವೀಸಾದ ತೊಡಕಿನಿಂದ ಹೋಗಲಾರದವರನ್ನು ತಪ್ಪಿತಸ್ಥರೆನ್ನುವುದೂ ಸಲ್ಲದು. ಆದರೆ ಎರಡು ಮಾತು ನಮ್ಮ ಕೈಯಲ್ಲೇ ಇದೆ. ಹೆತ್ತವರು ನಮ್ಮ ಹೆಸರು ಹಿಡಿದು ಕರೆಯಬಲ್ಲಾಗಲೇ, ಕಾರಣವಿಲ್ಲದೆ, ಒಮ್ಮೆ ಹೋಗಿಬರುವುದು ಒಂದು. ಊರಲ್ಲಿ ಅವರನ್ನು ನೋಡಿಕೊಳ್ಳುವ ತಮ್ಮನಿಗೋ ಅಕ್ಕನಿಗೋ "ಕಾಲ ಬಂದಾಗ ನಮಗಾಗಿ ಕಾಯಬೇಡಿ, ನೀವು ಮಾಡಿದ್ದೇ ನಾವು ಮಾಡಿದಂತೆ" ಎಂದು ಮೊದಲೇ ಬಾಯಿಬಿಟ್ಟು ಹೇಳುವುದು ಇನ್ನೊಂದು.

ಎರಡನೆಯ ಮಾತನ್ನು ನಾವು ತಮ್ಮನಿಗೆ ಕಳೆದ ಸಲ ಊರಿಗೆ ಹೋದಾಗ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಮ್ಮನ್ನ ನೋಡೋಕೆ ಮತ್ತೆ ಯಾವಾಗ ಬರ್ತೀರಿ?"

ಉತ್ತರ ಗಂಟೆಗಳಲ್ಲಿರಲಿಲ್ಲ. ಕ್ಯಾಲೆಂಡರ್ ತೆಗೆದು ತಾರೀಖು ಗುರುತು ಹಾಕಿದೆವು.