ಇಂದಿನ ಧಮ್ಮ ಚಿಂತನೆ: ಕಾಣದ ಹುಲಿಗೂ ಮೈತ್ರಿ



ರಜೆಯಲ್ಲಿ ಬಂಡೀಪುರಕ್ಕೋ ನಾಗರಹೊಳೆಗೋ ಸಫಾರಿಗೆ ಹೋಗಿ ಬಂದವರನ್ನು ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಹುಲಿ ಕಾಣಿಸ್ತೇನ್ರಿ?" ಇಲ್ಲ ಎಂದರೆ, "ಹಂಗಾರ ರೊಕ್ಕ ದಂಡ ಆತಲ್ರಿ" ಎನ್ನುತ್ತೇವೆ. ಆನೆ, ಕಾಟಿ, ಜಿಂಕೆ, ನವಿಲು ಎಲ್ಲವನ್ನೂ ಕಂಡವರು ಏನನ್ನೂ ಕಾಣದವರಂತೆ ಮನೆಗೆ ಬರುತ್ತಾರೆ. ಬುದ್ಧರು ತೃಷ್ಣೆ ಎಂದದ್ದು ಇದನ್ನೇ ಅಲ್ಲವೇ? ಕಣ್ಣ ಮುಂದೆ ಇರುವುದು ಸಾಲದು, ಇಲ್ಲದ್ದೇ ಬೇಕು.

ನೋಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದಾಯಿತು. ಕೋವಿ ಹೋಗಿ ಕ್ಯಾಮೆರಾ ಬಂದದ್ದು ಒಳ್ಳೆಯದೇ. 2022ರ ಗಣತಿಯಂತೆ ನಮ್ಮ ರಾಜ್ಯದಲ್ಲಿ 563 ಹುಲಿಗಳಿವೆ. ಆದರೆ ಆ ಕಾಡಿನ ಬಾಗಿಲಲ್ಲಿ ನಿಂತು ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಒಳಗೆ ಯಾರು, ಹೊರಗೆ ಯಾರು?

ನಾಗರಹೊಳೆಯ ಜೇನುಕುರುಬರು ಹುಲಿಯ ಜೊತೆಗೇ ಬದುಕಿದವರು. ಕಾಡು ಉಳಿಸುವ ಹೆಸರಿನಲ್ಲಿ ಅವರ ಅನೇಕ ಕುಟುಂಬಗಳು ಹೊರಬಿದ್ದವು. 2025ರ ಮೇ ತಿಂಗಳಲ್ಲಿ ಕೆಲವರು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ನೆಲ ಕೇಳಿದರು. ಅಜ್ಜ-ಮುತ್ತಜ್ಜರ ಮಣ್ಣಿಗೆ ಹೋಗಲು ಅವರು ಹೋರಾಡಬೇಕು. ಟಿಕೆಟ್ ತೆಗೆದ ನನ್ನನ್ನು ಜೀಪೇ ಕರೆದೊಯ್ಯುತ್ತದೆ. ಊರ ಹೊರಗಿನ ಕೇರಿಗಳಿಂದ ಬಂದ ನಮಗೆ "ಹೊರಗೆ" ಎಂಬ ಮಾತಿನ ತೂಕವನ್ನು ಯಾರೂ ಹೇಳಿಕೊಡಬೇಕಿಲ್ಲ.

ಹುಲಿಯ ಬಾಯಿಗೆ ಸಿಗುವವರೂ ಕಾಡಂಚಿನವರೇ. 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಸರಗೂರು ಭಾಗದ ರೈತರು ಹುಲಿ ದಾಳಿಗೆ ಬಲಿಯಾದರು. ಆಗ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು.

ಹುಲಿ ಹಿಡಿಯಿರಿ ಎಂದ ರೈತ ಹಿಂಸಾವಾದಿಯೇ? ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದಕ್ಕೆ ದಾರಿ ತೋರಿದ್ದಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ. ಅಹಿಂಸೆ ಕಣ್ಣು ಮುಚ್ಚಿ ಪಾಲಿಸುವ ನಿಯಮವಲ್ಲ, ವಿವೇಕದಿಂದ ನಡೆಸುವ ತತ್ವ. ಮೋಜಿಗೆ ಬೇಟೆಯಾಡಿದ ಅರಸನನ್ನೂ ಜೀವಭಯದಿಂದ ಕೂಗಿದ ರೈತನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗೆಯೇ, ಮನುಷ್ಯರಿಗೆ ತೋರುವ ಕರುಣೆಗಿಂತ ಮೈತ್ರಿ ದೊಡ್ಡದು, ಅದು ಎಲ್ಲ ಜೀವಿಗಳನ್ನೂ ಒಳಗೊಳ್ಳಬೇಕು ಎಂದವರೂ ಅವರೇ.

ಈ ಪರೀಕ್ಷೆಗೆ ಮೈಸೂರಿನವರೆಗೆ ಹೋಗಬೇಕಿಲ್ಲ. ನಮ್ಮ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲೇ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. 2016ರಲ್ಲಿ ಘೋಷಣೆಯಾದದ್ದು, ಸುಮಾರು 96 ಚದರ ಕಿ.ಮೀ. ಅಲ್ಲಿ ಹುಲಿ ಇಲ್ಲ. ಕುರುಚಲು ಗುಡ್ಡ, ಚಿಂಕಾರ, ತೋಳ, ಕತ್ತೆಕಿರುಬ ಇವೆ. ಜಮಖಂಡಿ, ಬನಹಟ್ಟಿ ಕಡೆಯಿಂದ ಹೋಗಿ ಅದನ್ನು ನೋಡಿಬಂದವರು ನಮ್ಮಲ್ಲಿ ಎಷ್ಟು ಜನ? ತೋಳ ಕುರಿ ಹೊತ್ತೊಯ್ದರೆ ಕುರಿಗಾರನ ದುಡಿಮೆ ಹೋಗುತ್ತದೆ. ಸಿಟ್ಟಿನಲ್ಲಿ ವಿಷ ಇಟ್ಟರೆ ತೋಳದ ಕುಲವೇ ಹೋಗುತ್ತದೆ.

ತರಗತಿಯಲ್ಲಿ ನಾನು ಮಕ್ಕಳನ್ನು ಒಮ್ಮೆ ಕೇಳಿದೆ: "ತೋಳ ಇರಬೇಕೋ, ಬ್ಯಾಡೋ?" ಕುರಿ ಸಾಕುವ ಮನೆಯ ಹುಡುಗ ಎದ್ದು ನಿಂತು, "ಇರ್ಲಿ ಸರ್, ಆದ್ರ ನಮ್ಮ ಕುರಿ ಹೋದ್ರ ರೊಕ್ಕಾನೂ ಲಗೂನ ಕೊಡ್ಲಿ" ಎಂದ. ಮೈತ್ರಿ ಮತ್ತು ನ್ಯಾಯ ಎರಡೂ ಆ ಒಂದು ಮಾತಿನಲ್ಲಿದ್ದವು.

ಆದ್ದರಿಂದ ಬಂಧುಗಳೇ, ಸಫಾರಿಗೆ ಹೋಗಿಬನ್ನಿ. ಹುಲಿ ಕಾಣದಿದ್ದರೆ ಬೇಸರ ಬೇಡ, ಅದು ನಮಗೇನೂ ಸಾಲ ಕೊಡಬೇಕಿಲ್ಲ. ಅದು ಎಲ್ಲೋ ಮರದ ನೆರಳಲ್ಲಿ ಸುಖವಾಗಿರಲಿ ಎನ್ನಿ. ಆ ಕಾಡಿನಿಂದ ಹೊರಬಿದ್ದವರು ಈಗ ಎಲ್ಲಿದ್ದಾರೆ ಎಂದು ಮಾತ್ರ ಮರೆಯದೆ ಕೇಳಿ.

ಜೈ ಭೀಮ್ 🙏